ಡಾಕ್ಟರ್ ಸತ್ಯ ಓದಿದ ರಿಪೋರ್ಟ್

ಅಮೆರಿಕದ ಪ್ಲಿಮತ್‌ನ ನಮ್ಮ ಕನ್ನಡ ಸಂಘದ ಆರೋಗ್ಯ ಶಿಬಿರಕ್ಕೆ ಡಾಕ್ಟರ್ ಸತ್ಯ ಅವರೇ ಭಾಷಣಕಾರರು ಎಂದು ತಿಳಿದಾಗ ನನ್ನ ಮೈಯೆಲ್ಲ ಉರಿಯಿತು. ವಿಷಯ, ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಸೆಪ್ಸಿಸ್ ಗುರುತಿಸುವುದು. ಸೋಂಕಿನ ವಿರುದ್ಧ ಎದ್ದ ದೇಹ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವ ಆ ಕಾಯಿಲೆಯಲ್ಲೇ ನನ್ನ ಗಂಡ ಉಪೇಂದ್ರ ಹೋದದ್ದು. ಎರಡು ವರ್ಷವಾಯಿತು.

ನಮ್ಮವರ ಅಭ್ಯಾಸ ನೋಡಿ. ನಾಲ್ಕು ಮೈಲಿಯಲ್ಲಿ ಎಮರ್ಜೆನ್ಸಿ ಇದ್ದರೂ ಮೊದಲು ವಾಟ್ಸಾಪ್‌ನಲ್ಲಿ ಸತ್ಯ ಅವರನ್ನು ಕೇಳಬೇಕು. ಅವರೂ ಒಲ್ಲೆ ಎನ್ನುವವರಲ್ಲ. ಹೊಗಳಿಕೆ ಯಾರಿಗೆ ಬೇಡ? ಆ ಶನಿವಾರ ಉಪೇಂದ್ರನಿಗೆ ನೂರಾ ಎರಡು ಡಿಗ್ರಿ ಜ್ವರ, ನಡುಕ. ಹಿಂದಿನ ದಿನ ವಾರ್ಷಿಕ ತಪಾಸಣೆಗೆ ಕೊಟ್ಟಿದ್ದ ರಕ್ತದ ರಿಪೋರ್ಟ್ ಬೆಳಿಗ್ಗೆ ಫೋನಿಗೆ ಬಂತು. ತುಂಬ ಕೆಂಪು ಅಂಕಿಗಳು. ಕ್ಲಿನಿಕ್‌ಗೆ ರಜೆ. ಜ್ವರವಿದೆ ಎಂದು ಬರೆದು, ಅದರ ಫೋಟೋವನ್ನು ಸತ್ಯ ಅವರಿಗೆ ಕಳಿಸಿದೆ. 'ವೈರಲ್. ಟೈಲೆನಾಲ್ ಕೊಡಿ, ರೆಸ್ಟ್ ಮಾಡಲಿ' ಎಂದು ಉತ್ತರ ಬಂತು. ನಾನು ನಂಬಿದೆ. ಭಾನುವಾರ ಮಧ್ಯಾಹ್ನ ಉಪೇಂದ್ರನಿಗೆ ನನ್ನ ಗುರುತೇ ಸಿಗಲಿಲ್ಲ. ಆಸ್ಪತ್ರೆಗೆ ಓಡಿದೆವು. ಮಂಗಳವಾರ ಎಲ್ಲ ಮುಗಿಯಿತು.

ಮಾತಾಡಿಸಲು ಬಂದ ಸತ್ಯ 'ಎಲ್ಲ ವಿಧಿ ಕಣಮ್ಮ' ಎಂದರು. ವಿಧಿಯಂತೆ! ಅವರ ನಾಲಿಗೆ ಬಿದ್ದುಹೋಗಬಾರದೇ ಎಂದು ಅಂದೇ ಶಪಿಸಿದ್ದೆ.

ಶಿಬಿರದ ದಿನ ಮುಂದಿನ ಸಾಲಿನಲ್ಲೇ ಕೂತೆ. ಹೆಸರು, ತಾರೀಖು ಅಳಿಸಿದ ಅದೇ ರಿಪೋರ್ಟನ್ನು ಪ್ರಶ್ನೋತ್ತರಕ್ಕೆಂದು ಸಂಘದ ಸುಚೇತಾಗೆ ಮೊದಲೇ ಕೊಟ್ಟಿದ್ದೆ. ಅವಳು ಅದನ್ನು ಪರದೆಯ ಮೇಲೆ ಹಾಕಿದಳು. ಪಕ್ಕದಲ್ಲಿದ್ದ ಮಗಳು ಸಿಂಧು ಗುರುತು ಹಿಡಿದು ನನ್ನ ಕೈ ಅಮುಕಿದಳು. "ಅಮ್ಮಾ, ಪ್ಲೀಸ್ ಡೋಂಟ್." ನಾನು ಕೈ ಕೊಡವಿಕೊಂಡೆ.

"ನೋಡಿ," ಎಂದರು ಸತ್ಯ ಹುರುಪಿನಿಂದ. "ಬಿಳಿ ರಕ್ತಕಣ ಇಪ್ಪತ್ತೆರಡು ಸಾವಿರ. ಅದರಲ್ಲಿ ಬಲೀದೇ ಇರೋ ಕಣಗಳೇ ಇಷ್ಟೊಂದಿವೆ. ಪ್ಲೇಟ್‌ಲೆಟ್ ಬಿದ್ದಿದೆ. ಕ್ರಿಯಾಟಿನಿನ್ ಎರಡೂವರೆ, ಅಂದ್ರೆ ಕಿಡ್ನಿ ಸೋಲ್ತಿದೆ. ಇದ್ರ ಜೊತೆ ಜ್ವರಾನೂ ಇದ್ರೆ ಒಂದು ನಿಮಿಷ ಕಾಯಬಾರದು, ನೈನ್ ಒನ್ ಒನ್‌ಗೆ ಫೋನ್ ಮಾಡಿ. ಬೇಗ ಆಂಟಿಬಯೋಟಿಕ್ ಸಿಕ್ಕಿದ್ರೆ ಎಷ್ಟೋ ಜನ ಉಳೀತಾರೆ."

ಹತ್ತೇ ಸೆಕೆಂಡು. ಅಷ್ಟೇ ಬೇಕಾಗಿತ್ತು ಅವರಿಗೆ. ನಾನು ಎದ್ದು ನಿಂತೆ.

"ಇದನ್ನ ವೈರಲ್ ಅಂದ ಡಾಕ್ಟರಿಗೆ ಏನ್ ಹೇಳ್ತೀರಾ?"

"ಅವನು ಡಾಕ್ಟರೇ ಅಲ್ಲಮ್ಮ!" ಎಂದು ನಕ್ಕರು. ಸಭೆಯೂ ನಕ್ಕಿತು.

"ಇದು ನಮ್ಮ ಉಪೇಂದ್ರಂದು. ಅಂದಿದ್ದು ನೀವೇ."

ಫೋನ್ ತೆಗೆದು ತಾರೀಖು, ಗಂಟೆ, ಅವರ ಉತ್ತರ ಎಲ್ಲ ಗಟ್ಟಿಯಾಗಿ ಓದಿದೆ. ಅವರ ಮುಖ ಬಿಳಿಚಿಕೊಳ್ಳುವುದನ್ನು ಕಣ್ತುಂಬ ನೋಡಿದೆ. ಸುಳ್ಳೇಕೆ, ಖುಷಿಯೇ ಆಯಿತು.

"ಪದ್ಮಾ... ನಾನು ಆ ಫೋಟೋ ಓಪನ್ನೇ ಮಾಡಿರ್ಲಿಲ್ಲ. ಗಾಲ್ಫ್ ಆಡ್ತಿದ್ದೆ. ಜ್ವರ ಅಂತ ಇತ್ತು, ಬರೆದ್ಬಿಟ್ಟೆ. ದಿನಾ ಇಪ್ಪತ್ತು ಮೂವತ್ತು ಬರ್ತಾವೆ."

ತಪ್ಪಾಗಿ ಓದಿದರೆಂದು ಎರಡು ವರ್ಷ ಶಪಿಸಿದ್ದೆ. ಓದಿಯೇ ಇರಲಿಲ್ಲ! ವೇದಿಕೆ ಹತ್ತಿ ಕೆನ್ನೆಗೆ ಬಾರಿಸಬೇಕೆನಿಸಿತು. ಅದರ ಅಗತ್ಯ ಬೀಳಲಿಲ್ಲ. ಸಭೆಯಲ್ಲಿ ಅವರಿಗೆ ರಿಪೋರ್ಟ್ ಕಳಿಸದ ಮನೆಯೇ ಇರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಫೋನ್ ತೆಗೆದು ತಮ್ಮ ತಮ್ಮ ಹಳೇ ಮೆಸೇಜು ಹುಡುಕತೊಡಗಿದರು. ನನ್ನ ಹಿಂದೆ ಕೂತಿದ್ದ ಭಾನು, ಮಗನ ರಿಪೋರ್ಟನ್ನು ಹೋದ ವಾರವಷ್ಟೇ ಕಳಿಸಿದ್ದವಳು, ಎದ್ದು ನಿಂತಳು.

"ನಮ್ಮ ಋಷಿದು ಓಪನ್ ಮಾಡಿದ್ರಾ, ಅಂಕಲ್?"