ಹದಿನೆಂಟು ಲಕ್ಷದ ಮೂಲೆ

ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಅದರ ಹೊಟ್ಟೆಯಲ್ಲೇನಿದೆ ಎಂದು ಹೇಳುವುದು ನನ್ನ ಕಸುಬು. ಜನ ನನ್ನನ್ನು ಗೋಡೆ ಡಾಕ್ಟರ್ ಎನ್ನುತ್ತಾರೆ. ನನ್ನ ಭಾವ, ಅಂದರೆ ಅಕ್ಕನ ಗಂಡ, ಹಳೇ ಮನೆ ಕೊಂಡು, ರಿಪೇರಿ ಮಾಡಿಸಿ, ಬಣ್ಣ ಬಳಿದು, ಮೂರು ತಿಂಗಳಲ್ಲಿ ಮಾರುವವನು. ರಿಪೇರಿಗೆ ಎಷ್ಟು ಬೀಳುತ್ತದೆ ಎಂದು ಕೊಳ್ಳುವ ಮುಂಚೆ ಹೇಳಬೇಕಾದವನು ನಾನು. ಲಾಭದಲ್ಲಿ ನಾಲ್ಕರಲ್ಲೊಂದು ಪಾಲು ನನ್ನದು. ಬಣ್ಣ ಬಳಿದವನಿಗೆ ಹೊಗಳಿಕೆ, ಬಿರುಕು ಕಂಡವನಿಗೆ ಬೈಗುಳ. ಇದು ಈ ಕಸುಬಿನ ನ್ಯಾಯ.

ನಮ್ಮಿಬ್ಬರ ನಡುವೆ ಒಂದು ಪದ್ಧತಿ ಇತ್ತು. ಮನೆ ಮಾರುವವರ ಎದುರಿಗೆ ನಾನು ಖರ್ಚನ್ನು ಯಾವಾಗಲೂ ದುಪ್ಪಟ್ಟು ಹೇಳಬೇಕು. ನಾಲ್ಕು ಲಕ್ಷ ಬೀಳುವ ಕಡೆ ಎಂಟು ಎಂದು ಹೇಳಿ ತಲೆಯ ಮೇಲೆ ಕೈ ಹೊತ್ತು ನಿಲ್ಲಬೇಕು. ಮಾರುವವರ ಮುಖ ಸಪ್ಪಗಾಗುತ್ತದೆ, ಬೆಲೆ ಇಳಿಯುತ್ತದೆ. ಭಾವ ಮನಸ್ಸಿನಲ್ಲೇ ಅರ್ಧ ಮಾಡಿಕೊಂಡು ವ್ಯಾಪಾರ ಕುದುರಿಸುತ್ತಾನೆ. ಹನ್ನೊಂದು ಮನೆ ಹೀಗೇ ಆದವು. ಗಂಡ ಸತ್ತವಳೊಬ್ಬಳ ಗಟ್ಟಿಮುಟ್ಟಾದ ತಾರಸಿಯನ್ನು, ಇನ್ನೇನು ತಲೆ ಮೇಲೆ ಬೀಳುತ್ತದೆ ಎಂದು ಹೆದರಿಸಿದ್ದೂ ಉಂಟು. ನಾಚಿಕೆ ಆಗಲಿಲ್ಲವೆಂದರೆ ಸುಳ್ಳು. ಆಯಿತು, ಆದರೆ ಪಾಲು ಕೈಗೆ ಬಂದ ಮೇಲೆ ಆಯಿತು.

ಹನ್ನೆರಡನೆಯ ಮನೆ ಬೀದಿ ಮೂಲೆಯದು, ಎರಡಂತಸ್ತು. ಅದನ್ನು ಕೊಳ್ಳಲು ಭಾವನ ದುಡ್ಡು ಸಾಲದೆ ಅಕ್ಕನ ಹೊಲಿಗೆ ಅಂಗಡಿ ಮಾರುವ ಮಾತು ಬಂದಿತ್ತು. ಹದಿನಾರು ವರ್ಷ ಮಿಷನ್ನು ತುಳಿದು ತುಳಿದು ಅಕ್ಕ ಕಟ್ಟಿದ ಅಂಗಡಿ ಅದು. ನಾನು ಗಾರೆ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನನ್ನ ಅನ್ನ ಬಟ್ಟೆ ಎಲ್ಲ ಅದರಿಂದಲೇ ಬಂದದ್ದು. ಮನೆ ನೋಡಲು ಹೊರಟ ಬೆಳಿಗ್ಗೆ ಅವಳು ನನ್ನ ಅಂಗಿಯ ಕಾಲರ್ ಸರಿಮಾಡುತ್ತಾ ಹೇಳಿದಳು.

"ಇವರಿಗೆ ಎಲ್ಲಾ ಮನೇನೂ ಬಂಗಾರವಾಗೇ ಕಾಣುತ್ತೆ. ನೀನು ಕಣ್ಣು ಬಿಟ್ಟು ನೋಡೋ. ನೀನು ಸರಿ ಅಂದ್ರೆ ಮಾತ್ರ ನಾನು ಅಂಗಡಿ ಪತ್ರಕ್ಕೆ ಸೈನ್ ಹಾಕೋದು."

ಮನೆ ಮಾರುತ್ತಿದ್ದವನು ಒಬ್ಬ ನಿವೃತ್ತ ಗುಮಾಸ್ತ, ಬಾಯಿ ತುಂಬ ನಗು. ಗೋಡೆಗಳ ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಹೊಸ ಬಣ್ಣ ಕಂಡರೆ ನನಗೆ ಮೈಯೆಲ್ಲ ಕಣ್ಣು. ಅಡುಗೆಮನೆ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಬಾಗಿಲಿನ ಕೆಳಗಂಚನ್ನು ಓರೆಯಾಗಿ ಹೆರೆದಿದ್ದರು. ಒಂದು ಸಲವಲ್ಲ, ಮೂರು ಸಲ. ಒಂದೊಂದೂ ಬೇರೆ ಬೇರೆ ವರ್ಷದ್ದು. ಚೌಕಟ್ಟು ವಾಲಿ ಬಾಗಿಲು ಸಿಕ್ಕಿಕೊಂಡಾಗಲೆಲ್ಲ ಹೆರೆದು ಹೆರೆದು ಕಾಲ ತಳ್ಳಿದ್ದರು. ಅಂದರೆ ಮನೆಯ ಆ ಮೂಲೆ ಕುಸಿಯುತ್ತಲೇ ಇದೆ. ಹಿತ್ತಲಿಗೆ ಹೋಗಿ ನೋಡಿದರೆ ಪಾಯದ ಪಕ್ಕದಲ್ಲೇ ಕಕ್ಕಸಿನ ಪೈಪು ಒಡೆದು ಮಣ್ಣು ಕೆಸರಾಗಿತ್ತು. ಆ ಮೂಲೆಗೆ ಆಸರೆ ಕೊಟ್ಟು, ಅಡಿಯಿಂದ ಅಗೆದು, ಪಾಯವನ್ನೇ ಹೊಸದಾಗಿ ಕಟ್ಟಬೇಕಿತ್ತು.

"ಎಷ್ಟಾಗುತ್ತಪ್ಪಾ ಡಾಕ್ಟ್ರೇ?" ಎಂದು ಭಾವ ಗುಮಾಸ್ತನ ಎದುರಿಗೇ ಕೇಳಿದ.

"ಹದಿನೆಂಟು ಲಕ್ಷ," ಎಂದೆ. ಅದು ನಿಜವಾದ ಲೆಕ್ಕ. ಅದನ್ನೂ ದುಪ್ಪಟ್ಟು ಮಾಡಲು ನಾಲಿಗೆ ಹೊರಳಲಿಲ್ಲ, ಅಷ್ಟು ಹೆದರಿದ್ದೆ. ಕಾರಿನಲ್ಲಿ ಕೂತ ಮೇಲೆ ಬಿಡಿಸಿ ಹೇಳಿದರಾಯಿತು ಎಂದುಕೊಂಡೆ.

ಕಾರಿನ ಬಾಗಿಲು ಹಾಕುತ್ತಲೇ ಭಾವ ತೊಡೆ ತಟ್ಟಿಕೊಂಡು ನಕ್ಕ. "ಭಲೇ! ಏನ್ ಮುಖ ಮಾಡ್ದೆ ಕಣೋ! ಮುದುಕ ನಿಂತಲ್ಲೇ ಐದು ಲಕ್ಷ ಇಳಿಸ್ದ. ನಮಗೆ ಬೀಳೋದು ಒಂಬತ್ತು, ಅಲ್ವಾ?"

"ಭಾವ, ಒಂದ್ನಿಮಿಷ..."

"ಇರು, ಇನ್ನೊಂದು ಮಾತು. ಮುಂದಿನ ಮನೆಯಿಂದ ನಿನ್ನ ಪಾಲು ಎಂಟರಲ್ಲೊಂದು. ಬೇಜಾರು ಮಾಡ್ಕೋಬೇಡ. ಗೋಡೆ ತಟ್ಟೋದೇನು ಬ್ರಹ್ಮವಿದ್ಯೆನಾ? ನಾಲ್ಕು ದಿನ ನೋಡಿದ್ರೆ ನಾಯಿನೂ ಕಲಿಯುತ್ತೆ. ನಿಮ್ಮಕ್ಕನ ಮುಖ ನೋಡ್ಕೊಂಡು ಇಷ್ಟು ದಿನ ಇಟ್ಕೊಂಡಿದ್ದೆ."

ಬೀಳಲಿ, ಹೋಗಿ ಆ ಗುಂಡಿಗೇ ಬೀಳಲಿ ಎಂದುಕೊಂಡೆ.

"ಒಂಬತ್ತೇ ತಾನೆ?" ಎಂದು ಮತ್ತೆ ಕೇಳಿದ.

"ಹೂಂ," ಎಂದೆ.

ಸಂಜೆ ಅಕ್ಕ ಫೋನ್ ಮಾಡಿದಳು. "ಏನಂತೀಯೋ? ನಾಳೆ ಸೈನ್ ಹಾಕ್ಲಾ?" ಅವಳ ಹಿಂದೆ ಮಿಷನ್ನಿನ ಸದ್ದು ಕೇಳುತ್ತಿತ್ತು. ಆಗಲಾದರೂ ಹೇಳಬಹುದಿತ್ತು. ಆದರೆ ಭಾವ ನಷ್ಟಪಟ್ಟು, ತಲೆ ತಗ್ಗಿಸಿ ಬಂದು, ನೀನು ಹೇಳಿದ್ದೇ ನಿಜ ಎಂದು ನನ್ನೆದುರು ಒಪ್ಪಿಕೊಳ್ಳುವುದನ್ನು ಮಧ್ಯಾಹ್ನದಿಂದ ಮನಸ್ಸಿನಲ್ಲೇ ಕಂಡು ಕಂಡು ಸುಖಪಡುತ್ತಿದ್ದೆ. ಮುಳುಗುವ ದುಡ್ಡು ಯಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಹಾಕಕ್ಕ, ಮನೆ ಗಟ್ಟಿಯಾಗಿದೆ," ಎಂದೆ.

ಅಂಗಡಿ ಮಾರಿದರು, ಮನೆ ಕೊಂಡರು. ರಿಪೇರಿಗೆಂದು ಇಟ್ಟ ಒಂಬತ್ತು ಲಕ್ಷವೂ ನೆಲದೊಳಗೇ ಹೋಯಿತು. ಅರ್ಧಕ್ಕೆ ನಿಂತ ಕೆಲಸದಲ್ಲಿ ಮೂಲೆ ಇನ್ನಷ್ಟು ಕುಸಿದು ಮೇಲಂತಸ್ತಿನ ಗೋಡೆ ಸೀಳಿತು. ಎಲ್ಲೂ ಸಾಲ ಹುಟ್ಟಲಿಲ್ಲ. ಆರು ತಿಂಗಳಾದ ಮೇಲೆ ಮನೆಯನ್ನು ಬರೀ ಜಾಗದ ಬೆಲೆಗೆ ಕೊಟ್ಟರು. ಅಕ್ಕ ಈಗ ಅದೇ ಅಂಗಡಿಯಲ್ಲಿ, ಕೊಂಡವರ ಕೈಕೆಳಗೆ, ಕೂಲಿಗೆ ಗುಂಡಿ ಹೊಲಿಯುತ್ತಾಳೆ. ಹಳೇ ಗಿರಾಕಿಗಳು ಅಭ್ಯಾಸಬಲದಿಂದ ಅವಳ ಮುಂದೆಯೇ ಅಳತೆಗೆ ನಿಲ್ಲುತ್ತಾರಂತೆ, ಅವಳು ಮಾಲೀಕರ ಮೇಜಿನ ಕಡೆ ಕೈ ತೋರಿಸುತ್ತಾಳಂತೆ. ಇಷ್ಟಾದರೂ ನನ್ನ ಮೇಲೆ ಅವಳಿಗೆ ಒಂದಿಷ್ಟೂ ಸಿಟ್ಟಿರಲಿಲ್ಲ. ಪಾಪ, ಅವನಿಗೂ ಗೊತ್ತಾಗಲಿಲ್ಲ ಎಂದು ನೆಂಟರ ಮುಂದೆಲ್ಲ ನನ್ನನ್ನು ವಹಿಸಿಕೊಂಡಳು.

ಹೋದ ಭಾನುವಾರ ಊಟಕ್ಕೆ ಕರೆದಳು. ನಾನೂ ಭಾವನೂ ಎದುರುಬದುರು ಕೂತಿದ್ದೆವು, ಅಕ್ಕ ಬಡಿಸುತ್ತಿದ್ದಳು. ಭಾವ ತುಂಬ ಹೊತ್ತು ಅನ್ನ ಕಲಸುತ್ತಲೇ ಇದ್ದವನು ತಲೆ ಎತ್ತದೆ ಹೇಳಿದ.

"ಇಷ್ಟು ದಿನ ಬಾಯಿ ಬಿಡಲಿಲ್ಲ ಕಣೋ, ನಾಚಿಕೆ. ತಪ್ಪು ನಂದೇ. ನೀನು ಅವತ್ತು ಅವನ ಎದುರಿಗೇ ಹದಿನೆಂಟು ಅಂದೆ, ಅದೇ ನಿಜ ಆಯ್ತು. ನಾನೇ ನಾಟಕ ಅಂದ್ಕೊಂಡು, ಒಂಬತ್ತಕ್ಕೆ ನಿನ್ ಬಾಯಲ್ಲಿ ಹೂಂ ಅನ್ನಿಸ್ದೆ."

ನಾನು ಅಂದಿನಿಂದ ಕಾದಿದ್ದ ಮಾತು ಅದೇ. ಅಕ್ಕನ ಕೈಯ ಸೌಟು ಅಲ್ಲೇ ನಿಂತಿತು.

"ಹದಿನೆಂಟಾ?" ಎಂದಳು. ಗಂಡನನ್ನಲ್ಲ, ನನ್ನನ್ನು ನೋಡಿ. "ಅವತ್ತೇ ಗೊತ್ತಿತ್ತಾ ನಿಂಗೆ? ಸಂಜೆ ನಾನು ಫೋನ್ ಮಾಡಿದಾಗ್ಲೂ?"

ನಾನು ತಲೆ ತಗ್ಗಿಸಿ ಅನ್ನ ಕಲಸತೊಡಗಿದೆ. ಅವಳು ಸೌಟನ್ನು ಪಾತ್ರೆಯೊಳಗಿಟ್ಟಳು. ಆಮೇಲೆ ಬಗ್ಗಿ, ನನ್ನ ಮುಂದಿನ ತಟ್ಟೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

"ಏಯ್, ಅವನಿನ್ನೂ ಉಣ್ತಾ ಇದ್ದಾನಲ್ಲೇ!" ಎಂದ ಭಾವ.

"ಅವನ ಊಟ ಆಯ್ತು," ಎಂದಳು ಅಕ್ಕ ಒಳಗಿನಿಂದ.