ಕಂಬಳಿಯೊಳಗಿನ ದಾರಿ

ಎರಡನೇ ಸಲ ಸೇತುವೆ ದಾಟಿ ಗುಡ್ಡದ ತನಕ ಹೋಗಿ ಬಂದರೂ ನೊರೀನ್‌ಗೆ ಜಾಗ ಸಿಗಲಿಲ್ಲ. ಎತ್ತ ನೋಡಿದರೂ ತಂತಿಬೇಲಿ, ಒಣಹುಲ್ಲು, ಯಾರದೋ ಕುರಿಗಳು.

ಕೌನ್ಸಿಲ್ಲಿನ ಗ್ರಾಂಟ್ ಗಾಡಿಯನ್ನು ಬದಿಗೆ ನಿಲ್ಲಿಸಿದ. "ಆಂಟಿ, ಇವತ್ತು ನೀವು ಜಾಗ ತೋರಿಸಿದ್ರೆ ಅಲ್ಲೇ ಗೂಟ ಹೊಡೀತೀನಿ. ಜಮೀನಿನೋನೂ ಒಪ್ಪಿದಾನೆ. ಇಲ್ಲಾಂದ್ರೆ ಸಮಿತಿಯೋರು ಸ್ಮಾರಕದ ಕಲ್ಲನ್ನ ಹೆದ್ದಾರಿ ಪಕ್ಕ ನಿಲ್ಲಿಸ್ತಾರೆ."

"ಶೌಚಾಲಯದ ಹತ್ರ," ಎಂದಳು ಹಿಂದಿನ ಸೀಟಿನಿಂದ ತಂಗಿ ಡಲ್ಸಿ. "ಉಚ್ಚೆ ಹೊಯ್ಯೋಕೆ ಇಳಿದೋರು ಹಂಗೇ ಓದ್ಕೊಂಡು ಹೋಗ್ಲಿ ಅಂತ."

ಅವರ ಅಜ್ಜಿಯ ಅಮ್ಮ ಇನ್ನೂ ಮಗುವಾಗಿದ್ದಾಗ, ಕುದುರೆ ಏರಿ ಬಂದ ಬಿಳಿಯರು ಇಲ್ಲೇ ಎಲ್ಲೋ ಹಳ್ಳದ ದಂಡೆಯಲ್ಲಿ ಮಲಗಿದ್ದ ಇವರ ಬುಡಕಟ್ಟಿನವರನ್ನು ಗುಂಡಿಟ್ಟು ಕೊಂದಿದ್ದರು. ಇಪ್ಪತ್ತೆಂಟೋ ಮೂವತ್ತೋ ಮಂದಿ, ಎಳೆಕೂಸುಗಳೂ ಸೇರಿ. ಯಾವ ಕಾಗದದಲ್ಲೂ ಅದು ಇರಲಿಲ್ಲ.

"ನಿಮ್ಮಜ್ಜಿ ತೋರಿಸಿರ್ಲಿಲ್ವಾ?"

"ತೋರಿಸೋದಾ?" ಎಂದಳು ನೊರೀನ್. "ಪಾದ್ರಿಗಳ ಮಿಷನ್ ಲಾರಿ ಸೇತುವೆ ಹತ್ತಿದ್ರೆ ಸಾಕು, ನಮ್ಮಿಬ್ರ ತಲೆ ಮೇಲೂ ಕಂಬಳಿ ಎಳೀತಿದ್ಲು. ನೋಡಬಾರ್ದು, ಮಲಗಿರೋರನ್ನ ಎಬ್ಬಿಸಬಾರ್ದು ಅಂತ. ಒಳಗೆ ಇವಳು ನನ್ನ ಒದೀತಿದ್ಲು."

"ನೀನು ಹೂಸು ಬಿಡ್ತಿದ್ದೆ, ಅದಕ್ಕೆ."

ಗ್ರಾಂಟ್ ನಕ್ಕ. ನೊರೀನ್ ನಗಲಿಲ್ಲ. ಬೆಳಗಿನಿಂದ ಅವಳು ಕಣ್ಣರಳಿಸಿ ಹುಡುಕುತ್ತಿದ್ದುದು ಒಮ್ಮೆಯೂ ಕಣ್ಣಿಂದ ಕಾಣದ ಜಾಗವನ್ನು. ಅವಳು ಇಳಿದು ಹಿಂದಿನ ಸೀಟಿಗೆ ಹೋಗಿ ಕೂತಳು.

"ಡಲ್ಸಿ, ನಿನ್ನ ಕಾಲಡಿ ಇರೋ ಕಂಬಳಿ ಕೊಡೇ."

"ಅದು ನನ್ನ ನಾಯೀದು, ಆಂಟಿ," ಎಂದ ಗ್ರಾಂಟ್.

"ಇರ್ಲಿ ಬಿಡಪ್ಪ. ಎಸಿ ಆರಿಸು, ಕಿಟಕಿ ಎಲ್ಲಾ ಇಳಿಸು. ಸೇತುವೆಯಿಂದ ನಿಧಾನಕ್ಕೆ ಹೊರಡು. ಹಳೇ ಲಾರಿ ಹೋಗೋ ಹಾಗೆ. ಬಾಯಿ ಬಿಡಬೇಡ."

ಇಬ್ಬರೂ ತಲೆಯ ಮೇಲೆ ಕಂಬಳಿ ಎಳೆದುಕೊಂಡರು. ಒಳಗೆ ಕತ್ತಲು, ನಾಯಿಯ ವಾಸನೆ, ಡಲ್ಸಿಯ ಬಾಯಲ್ಲಿದ್ದ ಪೆಪ್ಪರ್‌ಮಿಂಟಿನ ಘಾಟು. ಸೇತುವೆಯ ಹಲಗೆಗಳು ದಡದಡ ಎಂದವು. ಆಮೇಲೆ ಜಲ್ಲಿ. ಒಂದು ತಿರುವಿನಲ್ಲಿ ಡಲ್ಸಿಯ ಭುಜ ಬಂದು ಅವಳ ಭುಜಕ್ಕೆ ಒತ್ತಿತು. ರಸ್ತೆ ಇಳಿಯಿತು, ಪಾದಗಳಿಗೆ ತಣ್ಣನೆ ಗಾಳಿ ತಾಗಿತು. ಇನ್ನೂ ಇದೆ, ಇನ್ನೂ ಸ್ವಲ್ಪ, ಎಂದುಕೊಂಡಳು. ಆಗ ಕೇಳಿತು, ಅಜ್ಜಿ ಕಂಬಳಿಯನ್ನು ಇನ್ನಷ್ಟು ಬಿಗಿ ಹಿಡಿಯುತ್ತಿದ್ದ ಕಡೆ ಕೇಳುತ್ತಿದ್ದದ್ದೇ. ಸರ್ವೆ ಮರಗಳ ಸದ್ದು, ತುಂಬ ಜನ ಒಟ್ಟಿಗೆ ಉಸಿರು ಬಿಟ್ಟಂತೆ. ಡಲ್ಸಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ನಿಲ್ಲಿಸು," ಎಂದರು ಇಬ್ಬರೂ.

ಕಂಬಳಿ ಸರಿಸಿ ಇಳಿದರು. ಎತ್ತರಿಸಿ ಕಟ್ಟಿದ್ದ ಹೊಸ ರಸ್ತೆಯ ಕೆಳಗೆ, ಗಾಡಿಯಲ್ಲಿ ಕೂತವರಿಗೆ ಕಾಣದ ತಗ್ಗಿನಲ್ಲಿ ಹಳ್ಳವಿತ್ತು. ದಂಡೆಯುದ್ದಕ್ಕೂ ಸರ್ವೆ ಮರಗಳು.

"ನಾನು ಬರಲ್ಲ ಕಣೇ," ಎಂದಳು ಡಲ್ಸಿ. "ಅಜ್ಜಿ ಬೈತಾಳೆ."

"ಬೈದ್ರೆ ನನ್ನನ್ನೇ ಬೈಲಿ."

ನೊರೀನ್ ಬೇಲಿಯ ಬಳಿ ನಿಂತು ಮೊದಲು ಕೂಗಿ ತನ್ನ ಹೆಸರು ಹೇಳಿದಳು. ಅಮ್ಮನ ಹೆಸರು, ಅಜ್ಜಿಯ ಹೆಸರು, ಅಜ್ಜಿಯ ಅಮ್ಮನ ಹೆಸರು. "ನಿಮ್ಮೋರೇ ಬಂದಿರೋದು. ಇವನು ನಮ್ಮ ಜೊತೆ ಬಂದಿದಾನೆ, ಇವನಿಗೇನೂ ಮಾಡಬೇಡಿ." ಗ್ರಾಂಟ್ ಟೋಪಿ ತೆಗೆದ. ತಂತಿಯನ್ನು ಅವನು ಎತ್ತಿ ಹಿಡಿದಾಗ ಅವಳು ಬಗ್ಗಿ ಒಳಗೆ ನುಸುಳಿದಳು. ಹಿಂದೆಯೇ ಸ್ಕರ್ಟ್ ತಂತಿಗೆ ಸಿಕ್ಕಿಸಿಕೊಂಡು ಗೊಣಗುತ್ತ ಡಲ್ಸಿಯೂ ಬಂದಳು.

ದಂಡೆಯ ಮೇಲೆ ನೊರೀನ್ ಮೊಣಕಾಲೂರಿ ಗೂಟವನ್ನು ಎರಡೂ ಕೈಯಲ್ಲಿ ಹಿಡಿದಳು.

"ಕೈಗೆ ಬಿದ್ದೀತು ಆಂಟಿ, ಬಿಡಿ."

"ಹೊಡಿ."

ಮೊದಲ ಏಟಿಗೆ ಸರ್ವೆ ಕಾಯಿ ಕಡಿಯುತ್ತಿದ್ದ ಕಪ್ಪು ಕಾಕಟೂ ಗಿಣಿಗಳು ಒಮ್ಮೆಲೇ ಮೇಲೆದ್ದವು. ಎರಡನೆಯದಕ್ಕೆ ನೀರಿನ ಮೇಲೆ ಒಂದು ಸುತ್ತು ಬಂದವು. ಆಮೇಲೆ ಸುತ್ತಿಗೆ ಬೀಳುತ್ತಲೇ ಇತ್ತು, ಅವು ಒಂದೊಂದಾಗಿ ಅದೇ ಕೊಂಬೆಗಳ ಮೇಲೆ ಬಂದು ಕೂತವು.