ಬಾಲಮ್ಮನ ಸೂತಕ

2010ರ ಏಪ್ರಿಲ್ 24, ಶನಿವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಶಿರ್ವದಲ್ಲಿ ಬಾಲಮ್ಮ ತಮ್ಮ ಮನೆಯ ಬಾಗಿಲು ತೆರೆದರು. ಅವರು ಸೋಮವಾರವೇ ತೀರಿಕೊಂಡರೆಂದು ಊರು ಬಿಟ್ಟು ನೆರೂಲ್‌ನಲ್ಲಿ ನೆಲೆಸಿದ ಜಯಶೀಲ ಹೇಳಿದ್ದ. ಆ ಮಾತು ನಂಬಿ, ಸಾವಿನ ಮನೆಯವರನ್ನು ಮಾತಾಡಿಸಿ ಬರಲು ಕಟಪಾಡಿಯಿಂದ ಎರಡು ಬಸ್ಸು ಹಿಡಿದು ಹೋಗಿದ್ದವಳು ಅವನ ಅಕ್ಕ ರತ್ನಾವತಿ.

ಬಾಲಮ್ಮನಿಗೆ ಎಪ್ಪತ್ತೆಂಟು ವರ್ಷ. ಜಯಶೀಲನ ಹೆಂಡತಿ ಮೋಹಿನಿಯ ದೊಡ್ಡಮ್ಮ.

ಆ ವಾರ ನೆರೂಲ್‌ನ ಸ್ಟೇಡಿಯಂನಲ್ಲಿ ಐಪಿಎಲ್ ಸೆಮಿಫೈನಲ್‌ಗಳು, ಭಾನುವಾರ ಫೈನಲ್. ವಾಶಿಯ ಲಾಡ್ಜುಗಳಲ್ಲಿ ಒಂಬೈನೂರರ ರೂಮು ಮೂರು ಸಾವಿರಕ್ಕೇರಿತ್ತು. ಸ್ಟೇಡಿಯಂಗೆ ಹದಿನೈದು ನಿಮಿಷ ನಡೆದರಾಗುವ ಮನೆಗಳನ್ನು ಬ್ರೋಕರ್ ಮುರಾರಿ ಹುಡುಕುತ್ತಿದ್ದ. ಜಯಶೀಲನದು ಹಾಲ್, ಅಡಿಗೆಮನೆ, ಒಂದು ಬೆಡ್‌ರೂಮಿನ ಫ್ಲಾಟು. ಬೆಡ್‌ರೂಮನ್ನು ಅಹಮದಾಬಾದಿನ ಇಬ್ಬರಿಗೆ ಬುಧವಾರದಿಂದ ಐದು ರಾತ್ರಿಗೆ, ರಾತ್ರಿಗೆ ಎರಡೂವರೆ ಸಾವಿರದಂತೆ ಕೊಡುವುದೆಂದು ಹಿಂದಿನ ಭಾನುವಾರವೇ ಒಪ್ಪಂದವಾಯಿತು. ಮುಂಗಡವಾಗಿ ಬಂದ ಆರು ಸಾವಿರ ಅದೇ ಸಂಜೆ ಮಗಳು ಪೂಜಿತಾಳ ಕ್ಲಾಸಿನ ಫೀಸಿಗೆ ಹೋಯಿತು.

ಮರುದಿನ ಸೋಮವಾರ ಮಧ್ಯಾಹ್ನ, ಜಯಶೀಲ ತುರ್ಭೆಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸದಲ್ಲಿದ್ದಾಗ, ರತ್ನಾವತಿಯ ಮಗ ಸಮಿತ್ ಫೋನ್ ಮಾಡಿದ. ಅವನಿಗೆ ಕಟಪಾಡಿಯಲ್ಲಿ ಸಣ್ಣ ಮೊಬೈಲ್ ಅಂಗಡಿ.

"ಮಾವ, ಫೈನಲಿನ ಟಿಕೆಟ್ ಸಿಕ್ಕಿತು! ಲೆಕ್ಕ ಎಲ್ಲ ಹಾಕಿದ್ದೇನೆ, ಕೇಳಿ. ಸ್ಲೀಪರ್ ಹೋಗಿ ಬರ್ಲಿಕ್ಕೆ ಏಳುನೂರು, ಮ್ಯಾಚಿಗೆ ಸಾವಿರದೈನೂರು, ಲೋಕಲ್ಲು, ತಿಂಡಿ ಎಲ್ಲ ಸೇರಿ ಐನೂರು. ಉಳ್ಕೊಳ್ಳುವ ಖರ್ಚು ಸೊನ್ನೆ. ಅಲ್ಲಿ ಮಾವನ ಮನೆ ಅಂತ ಬರ್ದಿದ್ದೇನೆ."

ಮನೆಯಲ್ಲಿ ನೆಂಟರಿದ್ದಾರೆ ಎಂದು ನೆಪ ಹೇಳಿದರೆ ಸಾಲದು. ಅಕ್ಕನ ಮಗ ನೆಂಟನಲ್ಲ, ಮನೆಯವನು. ಹತ್ತು ಜನರಿದ್ದರೂ ಹನ್ನೊಂದನೆಯವನಾಗಿ ಅಡಿಗೆಮನೆಯಲ್ಲಿ ಮಲಗುತ್ತಾನೆ. ಮಲಗಿದರೆ ಬೆಡ್‌ರೂಮಿನಲ್ಲಿ ಯಾರು, ಎಷ್ಟಕ್ಕೆ ಎಂಬುದು ಊರಿಗೆ ತಿಳಿಯುತ್ತದೆ. ಸೂತಕದ ಮನೆಗಾದರೆ ಯಾರೂ ಉಳಿಯಲು ಬರುವುದಿಲ್ಲ. ಅವರಲ್ಲಿ ಸೂತಕ ಹರಿಯುವುದು ತಾಯಿಯ ಕಡೆಯಿಂದ. ತನ್ನ ಕುಟುಂಬದವರನ್ನು ಹೆಸರಿಸಿದರೆ ಅಕ್ಕನಿಗೂ ಸಮಿತ್‌ಗೂ ತಾಗುತ್ತದೆ, ಸುಳ್ಳು ಅಲ್ಲೇ ಬಯಲಾಗುತ್ತದೆ. ಹೆಂಡತಿಯ ಕಡೆಯದಾದರೆ ಅವರಿಗೆ ತಾಗುವುದಿಲ್ಲ. ಜಯಶೀಲ ಇಷ್ಟನ್ನು ಯೋಚಿಸಿದ. ಸೂತಕ ತಾಗದವರೇ ಸಾವಿನ ಮನೆಗೆ ಮಾತಾಡಿಸಲು ಹೋಗುವವರು ಎಂಬುದನ್ನು ಯೋಚಿಸಲಿಲ್ಲ.

"ಇವತ್ತು ಬೆಳಿಗ್ಗೆ ನಿನ್ನ ಅತ್ತೆಯ ದೊಡ್ಡಮ್ಮ ಹೋದರು ಮಾರಾಯ," ಎಂದ. "ಮನೆಯಲ್ಲಿ ಸೂತಕ."

"ಅಯ್ಯೋ ದೇವರೇ! ಅತ್ತೆಗೆ ಸಮಾಧಾನ ಹೇಳಿ ಮಾವ. ನನ್ನದು ಬಿಡಿ, ಏನಾದ್ರೂ ಮಾಡ್ತೇನೆ."

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ರತ್ನಾವತಿಯ ಫೋನ್ ಬಂತು.

"ಜಯಾ, ಅವರೇ ಬಾಗಿಲು ತೆಗೆದ್ರು. ಕೈಯಲ್ಲಿ ಹಲಸಿನ ಮೇಣ. ಎಂತ ರತ್ನಾ ಇಷ್ಟು ದೂರ, ಕೇಳಿದ್ರು. ಸುಮ್ಮನೆ ನೋಡ್ಲಿಕ್ಕೆ ಬಂದೆ ಅಂದೆ. ಊಟ ಹಾಕಿದ್ರು. ಅವರ ಎದುರು ಕೂತು ಉಂಡೆ ಮಾರಾಯ."

ಬೆಡ್‌ರೂಮಿನಲ್ಲಿ ಅಹಮದಾಬಾದಿನವರ ಟಿವಿ ಕೇಳಿಸುತ್ತಿತ್ತು.

"ಯಾರದ್ದು ಅದು ದನಿ?"

ಅವನು ಹೇಳಿದ. ಬಾಡಿಗೆಯನ್ನೂ ಹೇಳಿದ.

"ಸಮಿತ್ ಬೆಳಿಗ್ಗೆ ಅಲ್ಲಿಗೆ ಬಂದು ಮುಟ್ಟಿದ್ದಾನೆ. ಡೊಂಬಿವಲಿಯಲ್ಲಿ ಅವನ ಶಾಲೆಯ ದೋಸ್ತಿ ಹೋಟೆಲಲ್ಲಿ ಇದ್ದಾನಲ್ಲ, ಅಲ್ಲಿ ಮಾಣಿಗಳ ರೂಮಲ್ಲಿ ಇದ್ದಾನೆ. ಅವನಿಗೆ ನಾನು ಹೇಳಿಲ್ಲ. ನೀನೇ ಹೋಗಿ ಹೇಳು." ಫೋನ್ ಇಟ್ಟಳು.

ಮೋಹಿನಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಕೊಲ್ಲಲಿಕ್ಕೆ ನನ್ನ ದೊಡ್ಡಮ್ಮನೇ ಆಗ್ಬೇಕಿತ್ತಾ ನಿಮಗೆ? ನಿಮ್ಮ ಕಡೆಯವರು ಯಾರೂ ಸಿಗ್ಲಿಲ್ವಾ?"

"ನಮ್ಮ ಕಡೆಯವರಾದ್ರೆ ಅಕ್ಕನಿಗೂ ಸೂತಕ ತಾಗ್ತಿತ್ತು."

"ಓಹೋ, ಅಷ್ಟೆಲ್ಲ ಶಾಸ್ತ್ರ ನೋಡಿ ಕೊಂದದ್ದು!"

ಪೂಜಿತಾ ಪುಸ್ತಕದಿಂದ ತಲೆಯೆತ್ತಿದಳು. "ಪಪ್ಪಾ, ಮೇರೀ ಫೀಸ್ ಕೇ ಲಿಯೇ?" ಇದೆಲ್ಲ ತನ್ನ ಫೀಸಿಗಾಗಿಯೇ ಎಂದು ಅವಳ ಪ್ರಶ್ನೆ. ಅವನು ಚಪ್ಪಲಿ ಮೆಟ್ಟಿ ಹೊರಟ.

ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ ಡೊಂಬಿವಲಿ ತಲುಪಿದಾಗ ಐದು ಗಂಟೆ. ಹೋಟೆಲಿನ ಮೇಲಿನ ರೂಮಿಗೆ ಕಬ್ಬಿಣದ ಏಣಿ. ಒಳಗೆ ಎಂಟು ಚಾಪೆ, ಒಂದು ಫ್ಯಾನು. ಸಮಿತ್ ಮತ್ತು ಅವನ ದೋಸ್ತಿ ಮಯೂರ್ ಸ್ಟೀಲ್ ತಟ್ಟೆಯಲ್ಲಿ ಹುರಿದ ಬಂಗುಡೆ ತಿನ್ನುತ್ತಿದ್ದರು. ಮಾವನನ್ನು ಕಂಡು ಸಮಿತ್ ದಡಬಡಿಸಿ ಎದ್ದ.

"ಮೀನು ಆಚೆ ಇಡು ಮಾರಾಯ, ಮಾವನ ಮನೆಯಲ್ಲಿ ಸೂತಕ." ಮಯೂರ್ ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಪೇಪರು ಮುಚ್ಚಿದ. "ಅತ್ತೆ ಹೇಗಿದ್ದಾರೆ ಮಾವ?" ಕೇಳಿದ ಸಮಿತ್. "ನೀವ್ಯಾಕೆ ಈ ಬಿಸಿಲಲ್ಲಿ ಬಂದದ್ದು? ನನಗೆ ಇಲ್ಲಿ ಆರಾಮ ಉಂಟು, ಬಾಡಿಗೆಯೂ ಇಲ್ಲ."

ಕೂರಲು ಚಾಪೆ ಕೊಡವಿ ಹಾಸಿದ. ಜಯಶೀಲ ಕೂರಲಿಲ್ಲ.

"ಯಾರೂ ಸತ್ತಿಲ್ಲ ಸಮಿತ್. ರೂಮು ಬಾಡಿಗೆಗೆ ಕೊಟ್ಟಿದ್ದೆ."

ಸಮಿತ್ ಮೊದಲು ಮಯೂರ್‌ನನ್ನು ನೋಡಿದ. "ಎಷ್ಟಕ್ಕೆ?"

"ಎರಡೂವರೆ ಸಾವಿರ. ದಿನಕ್ಕೆ."

"ಒಳ್ಳೆ ರೇಟೇ," ಎಂದ ಸಮಿತ್. "ಹೇಳಿದ್ದರೆ ನಾನೇ ಬರ್ತಿರಲಿಲ್ಲ ಮಾವ. ಅಮ್ಮ ಐದು ದಿನದಿಂದ ಆ ಅಜ್ಜಿಯನ್ನು ನೆನೆದು ಕಣ್ಣೀರು ಹಾಕ್ತಿದ್ದಾರೆ."

"ಈಗಲೇ ಮನೆಗೆ ಬಾ. ಹಾಲ್‌ನಲ್ಲಿ ಎಲ್ಲರೂ ಮಲಗುವ."

"ಬೇಡ." ಅವನು ಕಿಟಕಿಯಿಂದ ತಟ್ಟೆ ತೆಗೆದು, ಪೇಪರು ಸರಿಸಿ, ಮಯೂರ್‌ನ ಮುಂದಿಟ್ಟ. "ಉಣ್ಣು ಮಾರಾಯ, ಆರ್ತದೆ."

ಸಮಿತ್ ಭಾನುವಾರ ಫೈನಲ್ ನೋಡಿದ. ಸ್ಟೇಡಿಯಂನಿಂದ ಡೊಂಬಿವಲಿಗೇ ಹೋಗಿ ಮಲಗಿ, ಸೋಮವಾರದ ರೈಲಿಗೆ ಊರಿಗೆ ಹೋದ. ಅಹಮದಾಬಾದಿನವರೂ ಸೋಮವಾರ ಬಾಕಿ ಹಣ ಕೊಟ್ಟು ಹೊರಟರು. ಮುಂದಿನ ಜನವರಿಯಲ್ಲಿ ಸಮಿತ್‌ನ ಮದುವೆಯಾಯಿತು. ಸೋದರಮಾವನನ್ನು ಮನೆಗೆ ಬಂದು ಕರೆಯುವುದು ಅವರಲ್ಲಿ ರೂಢಿ. ಜಯಶೀಲನಿಗೆ ಮದುವೆಯ ಕಾಗದ ಕೊರಿಯರಿನಲ್ಲಿ ಬಂತು.